ಹೆಪಟೈಟಿಸಲ್ಲಿ ಲಿವರ್ ಕೆಡಿಸೋದು ನಮ್ಮ ಇಮ್ಯುನಿಟಿನೇನಾ?

ಪರ

ನಮ್ಮ ಭಾವಂಗೆ ಹೆಪಟೈಟಿಸ್ ಬಿ (ಲಿವರ್‌ಗೆ ತಗಲೋ ವೈರಸ್ ಸೋಂಕು) ಹುಟ್ತಾನೇ ತಾಯಿಯಿಂದ ಬಂದಿದ್ದು, ಗೊತ್ತಾಗಿದ್ದು ಮಾತ್ರ 24ನೇ ವಯಸ್ಸಲ್ಲಿ ರಕ್ತದಾನ ಮಾಡೋಕೆ ಹೋದಾಗ. ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಲೆಕ್ಕ) ಕೋಟಿಗಟ್ಟಲೆ, ಎಎಲ್‌ಟಿ (ಲಿವರ್ ಸೆಲ್ ಕೆಟ್ರೆ ರಕ್ತದಲ್ಲಿ ಏರೋ ಕಿಣ್ವ) ಬರೀ 28, ಅಂದ್ರೆ ನಾರ್ಮಲ್, ಮನುಷ್ಯ ಗುಂಡುಕಲ್ಲಿನ ಥರ ಇದ್ರು. ಏಳು ವರ್ಷ ಆದ್ಮೇಲೆ ಒಂದಿನ ಊಟ ನೋಡಿದ್ರೆ ವಾಕರಿಕೆ, ಕಣ್ಣೆಲ್ಲಾ ಹಳದಿ, ಎಎಲ್‌ಟಿ 640, ಆದ್ರೆ ಅದೇ ರಿಪೋರ್ಟಲ್ಲಿ ವೈರಸ್ ಇಳಿದುಹೋಗಿತ್ತು! ವೈರಸ್ಸೇ ಲಿವರ್ ತಿನ್ನೋದಾಗಿದ್ರೆ ಕೋಟಿಗಟ್ಟಲೆ ಇದ್ದಾಗ ಯಾಕ್ರೀ ತಿನ್ಲಿಲ್ಲ?

ಈ ವೈರಸ್ ಲಿವರ್ ಸೆಲ್ ಒಳಗೆ ಕೂತು ಕಾಪಿ ಮೇಲೆ ಕಾಪಿ ಮಾಡ್ಕೊಂಡಿರುತ್ತೆ, ಸಾಮಾನ್ಯವಾಗಿ ಸೆಲ್ಲನ್ನ ಸಾಯಿಸಲ್ಲ. ಸಾಯಿಸೋದು ನಮ್ಮದೇ ಸಿಡಿ8 ಟಿ ಸೆಲ್‌ಗಳು (ಸೋಂಕಿರೋ ಸೆಲ್ಲನ್ನ ಗುರುತಿಸಿ ಕೊಲ್ಲೋ ಬಿಳಿ ರಕ್ತಕಣಗಳು), ಅವು ಹೊಡೆದ ಸೆಲ್ಲಿಂದಲೇ ಎಎಲ್‌ಟಿ ರಕ್ತಕ್ಕೆ ಸೋರೋದು. ಅವುಗಳ ಹಿಂದೆ ಸೋಂಕು ಗೀಂಕು ಏನೂ ಗುರುತಿಸದ ಬೇರೆ ಸೆಲ್‌ಗಳೂ ನುಗ್ಗಿ ಉರಿಯೂತ ಜಾಸ್ತಿ ಮಾಡ್ತವೆ. ಕ್ರಾನಿಕ್ ಕೇಸಲ್ಲಿ, ಅಂದ್ರೆ ಸೋಂಕು ವರ್ಷಗಟ್ಟಲೆ ಉಳಿದುಬಿಟ್ರೆ, ಟಿ ಸೆಲ್‌ಗಳು ದಣಿದುಹೋಗಿ ಗೆಲ್ಲೋದೂ ಇಲ್ಲ ಬಿಡೋದೂ ಇಲ್ಲ, ವರ್ಷಾನುಗಟ್ಟಲೆ ಸಣ್ಣಗೆ ಹೊಡೆದಾಟ, ಆ ಗಾಯಕ್ಕೆ ಲಿವರಲ್ಲೇ ಇರೋ ಸ್ಟೆಲೇಟ್ ಸೆಲ್‌ಗಳು ಕೊಲಾಜೆನ್ (ಗಾಯದ ಕಲೆ ಕಟ್ಟೋ ನಾರು) ಮೆತ್ತಿ ಮೆತ್ತಿ ಕೊನೆಗೆ ಸಿರೋಸಿಸ್, ಅಂದ್ರೆ ಲಿವರ್ ಕಲೆಗಟ್ಟಿ ಗಟ್ಟಿಯಾಗೋದು.

"ಹಾಗಾದ್ರೆ ಇಮ್ಯುನಿಟಿನೇ ಬೇಡ್ವಾ" ಅಂತ ಎದುರಿನವರು ಕೇಳ್ತಾರೆ, ಹಾಗಂತ ಯಾರಂದ್ರು? ಕೀಮೋ ಟೈಮಲ್ಲಿ ಇಮ್ಯುನಿಟಿ ಕುಗ್ಗಿದಾಗ ವೈರಸ್ ಏರುತ್ತೆ ನಿಜ, ಆದ್ರೆ ಲಿವರ್‌ಗೆ ದೊಡ್ಡ ಹೊಡೆತ ಎಷ್ಟೋ ಸಲ ಬೀಳೋದು ಕೀಮೋ ಮುಗಿದು ಇಮ್ಯುನಿಟಿ ವಾಪಸ್ ಎದ್ದಾಗ. ಭಾವ ಈಗ ಮಾತ್ರೆ ತಗೊಂಡು ಆರಾಮಾಗಿದಾರೆ.

ವಿರೋಧ

ನಂಗೆ ಈ ಕಡೆ ಬರೀರಿ ಅಂದ್ರು, ಬರೀತಿದೀನಿ. ಟಿ ಸೆಲ್ ಕಥೆ ಸುಳ್ಳು ಅನ್ನೋಕಾಗಲ್ಲ, ಬಹುಪಾಲು ಒಪ್ತೀನಿ.

ಆದ್ರೆ ಟ್ರಾನ್ಸ್‌ಪ್ಲಾಂಟ್ ಆಗಿ ಇಮ್ಯುನಿಟಿ ಅದುಮಿಟ್ಟಿರೋ ಕೆಲವರಲ್ಲಿ ಫೈಬ್ರೋಸಿಂಗ್ ಕೊಲೆಸ್ಟಾಟಿಕ್ ಹೆಪಟೈಟಿಸ್ ಅಂತ ಬರುತ್ತೆ. ಬಯಾಪ್ಸಿಲಿ (ಲಿವರಿನ ಚೂರು ತೆಗೆದು ನೋಡೋ ಪರೀಕ್ಷೆ) ಉರಿಯೂತ ತೀರಾ ಕಮ್ಮಿ, ಸೆಲ್‌ಗಳು ಮಾತ್ರ ಊದ್ಕೊಂಡಿರ್ತವೆ, ವೈರಸ್ ಮಿತಿಮೀರಿ ತುಂಬಿರುತ್ತೆ, ಲಿವರ್ ಬೇಗ ಕೈಕೊಡುತ್ತೆ. ಅಲ್ಲಿ ಯಾರನ್ನ ದೂರ್ತೀರಾ? ಹೆಪಟೈಟಿಸ್ ಸಿ ವೈರಸ್ಸಿನ ಜೀನೋಟೈಪ್ 3 ಅನ್ನೋ ಬಗೆ ತಾನಾಗೇ ಲಿವರಲ್ಲಿ ಕೊಬ್ಬು ಸೇರಿಸುತ್ತೆ. ಎಚ್‌ಐವಿ ಜೊತೆಗಿದ್ರೆ, ಅಂದ್ರೆ ಇಮ್ಯುನಿಟಿ ಕುಸಿದಿದ್ರೆ, ಸಿರೋಸಿಸ್ ಇನ್ನೂ ಬೇಗ.

ಭಾವನ ಕಥೆ ಓದಿದೆ, ಆದ್ರೆ ಆ ಏಳು ವರ್ಷ ಲಿವರ್ ಚೆನ್ನಾಗಿತ್ತು ಅಂತ ಬಯಾಪ್ಸಿ ಮಾಡಿ ನೋಡಿದ್ರಾ? ಅವರೀಗ ತಗೋತಿರೋ ಮಾತ್ರೆ ಟೆನೋಫೋವಿರ್ ಥರದ್ದೇ ಇರಬೇಕು, ಅದು ತಡೆಯೋದು ವೈರಸ್ಸನ್ನ, ಟಿ ಸೆಲ್ಲನ್ನಲ್ಲ.