ಕ್ಯಾನ್ಸರ್ ಬಂದ ಸುದ್ದಿ ಫೇಸ್‌ಬುಕ್‌ಗೆ ಹಾಕಬೇಕಾ?

ಪರ: ಹಾಕಿ, ಇನ್ನೊಬ್ಬರಿಗೆ ದಾರಿಯಾಗುತ್ತದೆ

ಎದೆಯಲ್ಲಿ ಗಂಟು ಸಿಕ್ಕಿದಾಗ ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ನೋವಿರಲಿಲ್ಲ. ಸುಮ್ನೆ ಕೊಬ್ಬಿನ ಗಂಟಿರಬೇಕು ಅಂದುಕೊಂಡೆ. ನೋವಿಲ್ಲದ ಗಂಟನ್ನೂ ತೋರಿಸಬೇಕು ಅಂತ ಗೊತ್ತಾಗಿದ್ದು ಮುಳಬಾಗಿಲಿನ ಅಕ್ಕ ಒಬ್ಬರು ಹಾಕಿದ್ದ ವಿಡಿಯೊದಿಂದ. ಮಾರನೇ ದಿನವೇ ಡಾಕ್ಟರ ಹತ್ತಿರ ಹೋದೆ.

ಆಮೇಲೆ ನಾನೂ ಹಾಕತೊಡಗಿದೆ. ಕೋಲಾರದಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ಯಾವ್ಯಾವ ಕಾಗದ ಇಟ್ಟುಕೊಂಡಿರಬೇಕು ಅಂತ ಬರೆದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಇದು ಗೊತ್ತಿಲ್ಲದೆ ಓಲೆ ಅಡವಿಟ್ಟವರನ್ನು ನಾನೇ ನೋಡಿದ್ದೇನೆ.

ಕೀಮೊ ಆದ ಒಂದೆರಡು ವಾರದಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿಯುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗಬಾರದು. ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಡಾಕ್ಟರು ಇದನ್ನು ಹೇಳಿಯೇ ಇರುತ್ತಾರೆ. ಆದರೆ ಆ ಗಾಬರಿಯಲ್ಲಿ ಯಾರ ತಲೆಗೆ ಹೋಗುತ್ತದೆ? ಬೋಳು ತಲೆ ತೋರಿಸಿಕೊಂಡು ನಾನು ಹೇಳಿದಾಗ ಜನ ನಿಂತು ಕೇಳಿದರು.

ನಮ್ಮ ಕಡೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಯರು ಬಾಯಿಹುಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ತಿಂಗಳುಗಟ್ಟಲೆ ಕಳೆಯುತ್ತಾರೆ. ಮೂರು ವಾರವಾದರೂ ಮಾಯದ ಹುಣ್ಣನ್ನು ತೋರಿಸಲೇಬೇಕು. ಆದರೆ 'ಕೆಟ್ಟ ಕಾಯಿಲೆ' ಅಂತ ಪಿಸುಗುಟ್ಟುವ ಊರಲ್ಲಿ ಯಾರು ತೋರಿಸುತ್ತಾರೆ? ಶಿವಣ್ಣ ಅಮೆರಿಕದಲ್ಲಿ ಕ್ಯಾನ್ಸರ್ ಆಪರೇಷನ್ ಮಾಡಿಸಿಕೊಂಡು 2025ರ ಹೊಸ ವರ್ಷದ ದಿನ ವಿಡಿಯೊದಲ್ಲಿ ಮಾತಾಡಿದರಲ್ವಾ, ಅದನ್ನು ನೋಡಿದ ಮೇಲೆ ನಮ್ಮ ಬೀದಿಯ ಹಿರಿಯರೊಬ್ಬರು ಮೊದಲ ಸಲ ಬಾಯಿಬಿಟ್ಟು ಹೇಳಿದರು: "ನನಗೂ ಕ್ಯಾನ್ಸರಮ್ಮ."

ವಿರೋಧ: ಒಮ್ಮೆ ಹೋದ ಫೋಟೊ ವಾಪಸ್ ಬರಲ್ಲ

ನಮ್ಮಮ್ಮನ ಫೋಟೊ ಹಾಕಿದ್ದು ನಾನೇ. ತಲೆಯಲ್ಲಿ ಒಂದೂ ಕೂದಲಿರಲಿಲ್ಲ. 'ಧೈರ್ಯವಂತೆ ನಮ್ಮಮ್ಮ' ಅಂತ ಬರೆದಿದ್ದೆ. ಅಮ್ಮನನ್ನು ಕೇಳಿರಲಿಲ್ಲ. ಸಂಜೆಯೊಳಗೆ ಸುದ್ದಿ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನವರೆಗೂ ಹೋಗಿತ್ತು. ಅಲ್ಲಿಯವರೆಗೆ ತಲೆ ಮೇಲೆ ಸೆರಗು ಹೊದ್ದು ತಾನೇ ಡೇರಿಗೆ ಹಾಲು ಹಾಕಿ ಬರುತ್ತಿದ್ದವಳು ಎರಡು ವಾರ ಹೊಸಿಲು ದಾಟಲಿಲ್ಲ.

ಆಮೇಲೆ ಶುರುವಾಯಿತು ಮೆಸೇಜು. ಲಕ್ಷ್ಮಣಫಲದ ಎಲೆ ಕುದಿಸಿ ಕುಡಿಸಿ. ಅನ್ನ, ಸಕ್ಕರೆ ಬಿಡಿಸಿ, ಗಡ್ಡೆ ಕರಗುತ್ತದೆ. ಕಳಿಸಿದವರೆಲ್ಲ ಒಳ್ಳೆಯವರೇ, ನಮ್ಮವರೇ. ಅಮ್ಮ ನಂಬಿ ಊಟ ಬಿಟ್ಟಳು. ತೂಕ ಇಳಿದು ಒಂದು ಕೀಮೊ ಮುಂದಕ್ಕೆ ಹೋಯಿತು. 2024ರ ನವೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ಸಿಧು ಅವರು ಹೆಂಡತಿಯ ಕಾಯಿಲೆ ವಾಸಿಯಾಗಲು ಪಥ್ಯ, ಬೇವು, ಅರಿಶಿನ ನೆರವಾಯಿತು ಎಂದ ವಿಡಿಯೊ ಎಲ್ಲೆಡೆ ಓಡಾಡಿತು. ಇದನ್ನು ನಂಬಿ ಚಿಕಿತ್ಸೆ ತಡಮಾಡಬೇಡಿ ಅಂತ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಈಗಿನ, ಹಿಂದಿನ 262 ವೈದ್ಯರು ಸಹಿ ಹಾಕಿ ಹೇಳಿದರು. ನಮ್ಮ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ವಿಡಿಯೊ ಮೂರು ಸಲ ಬಂತು. ವೈದ್ಯರ ಮಾತು ಒಂದು ಸಲವೂ ಬರಲಿಲ್ಲ.

ಹೇಳಿಕೊಳ್ಳುವವರಿಗೇ ಧೈರ್ಯ ಜಾಸ್ತಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿರೂಪಕಿ ಅಪರ್ಣಾ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತೆಂದು ನಮಗೆಲ್ಲ ಗೊತ್ತಾಗಿದ್ದು 2024ರ ಜುಲೈನಲ್ಲಿ, ಅವರು ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಕಿದ್ವಾಯಿಯಿಂದ ಬರುವಾಗ ಮೆಟ್ರೊದಲ್ಲಿ ಅವರ ದನಿ ಕೇಳುತ್ತಾ ಕೂತಿರುತ್ತಿದ್ದೆವು. ಅವರದ್ದು ಅಂಜಿಕೆಯಾ? ಅಲ್ಲ. ತನ್ನ ನೋವು ಯಾರಿಗೆ ಗೊತ್ತಾಗಬೇಕು ಅಂತ ಅವರೇ ತೀರ್ಮಾನಿಸಿದರು. ಆ ತೀರ್ಮಾನವನ್ನು ನಾನು ಅಮ್ಮನ ಕೈಯಿಂದ ಕಿತ್ತುಕೊಂಡಿದ್ದೆ.

ಅಮ್ಮ ಈಗ ಹುಷಾರಾಗಿದ್ದಾಳೆ. ಕೂದಲು ಬಂದಿದೆ, ಹೂ ಮುಡಿಯುತ್ತಾಳೆ. ಆ ಫೋಟೊ ಯಾವಾಗಲೋ ಅಳಿಸಿದೆ. ಹೋದ ತಿಂಗಳು ಚಿಂತಾಮಣಿಯ ಮದುವೆಯಲ್ಲಿ ಯಾರೋ ಹೆಂಗಸು ತನ್ನ ಫೋನಿನಲ್ಲಿ ಅದನ್ನೇ ತೋರಿಸಿ, "ಇದು ನೀವೇ ಅಲ್ವಾ?" ಅಂತ ಕೇಳಿದರು.