ಸೂರ್ಯಾಸ್ತ ನೋಡಬೇಕಾ? ಮೊದಲು ದಡ ನೋಡಿ

ಡಿಸೆಂಬರ್ ರಜೆ ಹತ್ತಿರ ಬಂತು ಅಂದ್ರೆ ಬೆಂಗಳೂರಿನ ನೆಂಟರ ಫೋನು ಶುರು. "ಭಾವ, ಈ ಸಲ ಬೀಚು ಬೇಡ. ಕೆರೆ, ಹಿನ್ನೀರು ಅಂತ ಎಲ್ಲಾದರೂ ಎರಡು ದಿನ ಇದ್ದು ಬರೋಣ. ಸೂರ್ಯಾಸ್ತ ಚೆನ್ನಾಗಿ ಕಾಣುವ ಜಾಗ ಹೇಳಿ." ಹೇಳುವುದಕ್ಕೇನು, ಹೇಳಬಹುದು. ಆದರೆ ಅಷ್ಟರಲ್ಲಿ ಅವರು ಇನ್‌ಸ್ಟಾಗ್ರಾಂನಲ್ಲಿ ಯಾವುದೋ ರೆಸಾರ್ಟಿನ ಫೋಟೋ ನೋಡಿ ಅರ್ಧ ಮನಸ್ಸು ಮಾಡಿ ಆಗಿರುತ್ತದೆ. ಫೋಟೋದಲ್ಲಿ ನೀರು ಕೆಂಪಗಿದೆ, ತೆಂಗಿನ ಮರ ಬಾಗಿದೆ. ಅದು ಬೆಳಗಿನ ಫೋಟೋವೋ ಸಂಜೆಯದ್ದೋ ಅಂತ ಯಾರೂ ಕೇಳುವುದಿಲ್ಲ.

ನಾನು ಕೇಳುವುದು ಇಷ್ಟೇ: ನೀವು ಉಳಿಯುವ ಜಾಗ ನೀರಿನ ಯಾವ ದಡದಲ್ಲಿದೆ?

ಕಡಲಿಗೆ ಈ ತಾಪತ್ರಯ ಇಲ್ಲ. ನಮ್ಮ ಕಾಸರಗೋಡಿನಲ್ಲಿ ತಲಪಾಡಿಯಿಂದ ತೃಕ್ಕರಿಪುರದವರೆಗೆ ಎಲ್ಲಿ ನಿಂತರೂ ನಮಗೆ ಕಡಲು ಪಶ್ಚಿಮಕ್ಕೇ. ಕೆರೆ, ಕಾಯಲು (ಕೇರಳದಲ್ಲಿ ಹಿನ್ನೀರಿಗೆ ಹಾಗನ್ನುತ್ತಾರೆ) ಹಾಗಲ್ಲ. ಪೂರ್ವದ ದಡದಲ್ಲಿ ಕೂತವನಿಗೆ ಸೂರ್ಯ ನೀರಿನ ಆಚೆ ಇಳಿಯುತ್ತಾನೆ. ಪಶ್ಚಿಮದ ದಡದಲ್ಲಿ ರೂಮು ಹಿಡಿದವನಿಗೆ ಹೋಟೆಲಿನ ಅಡುಗೆಮನೆ ಹಿಂದೆ ಇಳಿಯುತ್ತಾನೆ. ವೇಂಬನಾಡ್ ಕಾಯಲನ್ನೇ ನೋಡಿ. ಉದ್ದ 96 ಕಿ.ಮೀ. ಹತ್ತಿರ. ಕುಮರಕಂ ಇರುವುದು ಅದರ ಪೂರ್ವ ದಡದಲ್ಲಿ, ಸಂಜೆಗೆ ಹೇಳಿ ಮಾಡಿಸಿದ ಜಾಗ. ಎದುರಿನ ಮುಹಮ್ಮ, ಆಲಪ್ಪುಳದ ಕಡೆ ಪಶ್ಚಿಮ ದಡ. ಅಲ್ಲಿ ಉಳಿದವರು ಬೆಳಗ್ಗೆ ಬೇಗ ಏಳಬೇಕು, ಸೂರ್ಯೋದಯ ಸಿಗುತ್ತದೆ. ಇನ್ನು ವಯನಾಡಿನ ಪೂಕೋಡ್ ಕೆರೆ. ಚಂದ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಸುತ್ತಲೂ ಗುಡ್ಡ, ಕಾಡು. ಸೂರ್ಯ ಮುಳುಗುವ ಎಷ್ಟೋ ಹೊತ್ತು ಮೊದಲೇ ಮರೆಯಾಗಿಬಿಡುತ್ತಾನೆ. ಅಲ್ಲಿಗೆ ಬೆಳಗ್ಗೆ ಹೋಗಿ.

ದೂರದ ಮಾತು ಸಾಕು. ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಇವೆ. ಅಷ್ಟು ನೀರು ಕಡಲಿಗೆ ಸೇರುವ ಮೊದಲು ಎಲ್ಲೆಲ್ಲೋ ನಿಂತು, ಬಳಸಿ, ಅಗಲ ಆಗಿ ಹೋಗುತ್ತದೆ. ನಮ್ಮ ಊರಿಗೆ ಬರುವವರೆಲ್ಲ ಸೀದಾ ಬೇಕಲಕ್ಕೆ ಹೋಗುತ್ತಾರೆ. ಹೋಗಲಿ, 40 ಎಕರೆಯ ಕೋಟೆ, ನೋಡುವಂಥದ್ದೇ. ಆದರೆ ಅದು ಕಡಲಿನ ಸೂರ್ಯಾಸ್ತ. ಕಡಲಿನದ್ದಕ್ಕಿಂತ ಕಾಯಲಿನ ಸೂರ್ಯಾಸ್ತ ಒಂದು ಕೈ ಮೇಲು ಅನ್ನುವವನು ನಾನು. ಬೇಕಾದರೆ ಜಗಳಕ್ಕೆ ಬನ್ನಿ.

ಕಾರಣ ಗಾಳಿ. ಹಗಲಿಡೀ ಕಡಲ ಕಡೆಯಿಂದ ಗಾಳಿ ಬೀಸುತ್ತದೆ. ಹೊತ್ತು ಇಳಿದು ನೆಲ ತಣಿಯುತ್ತಾ ಬಂದ ಹಾಗೆ ಅದು ಸಣ್ಣದಾಗುತ್ತದೆ. ಕಡಲಿನಲ್ಲಿ ಗಾಳಿ ನಿಂತರೂ ಅಲೆ ನಿಲ್ಲುವುದಿಲ್ಲ, ಎಲ್ಲೋ ದೂರದಲ್ಲಿ ಎದ್ದ ಅಲೆ ಬರುತ್ತಲೇ ಇರುತ್ತದೆ. ಕಾಯಲಿನಲ್ಲಿ ಹಾಗಲ್ಲ. ಗಾಳಿ ನಿಂತಿತೋ, ನೀರೂ ನಿಂತಿತು. ಆಗ ಆಕಾಶದಲ್ಲಿ ಏನಿದೆಯೋ ಅದೆಲ್ಲ ಕೆಳಗೂ ಇದೆ. ತಗ್ಗಿನಲ್ಲಿ, ದೋಣಿಯಲ್ಲಿ ಕೂತು ನೋಡಿದರೆ ಇನ್ನೂ ಒಳ್ಳೇದು. ಕಣ್ಣು ನೀರಿನ ಮಟ್ಟಕ್ಕೆ ಹತ್ತಿರ ಇದ್ದಷ್ಟೂ ಪ್ರತಿಬಿಂಬ ಜಾಸ್ತಿ.

ಇದಕ್ಕೆ ನನ್ನ ಮೊದಲ ಆಯ್ಕೆ ವಲಿಯಪರಂಬ. ನೀಲೇಶ್ವರದ ಕೆಳಗೆ, ಪಡನ್ನ, ತೃಕ್ಕರಿಪುರದ ಪಕ್ಕ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕವ್ವಾಯಿ ಕಾಯಲು. ಒಳನಾಡಿನ ದಡದಲ್ಲಿ, ಅಂದರೆ ಕಾಯಲಿನ ಪೂರ್ವಕ್ಕೆ ನಿಂತರೆ ಸೂರ್ಯ ಆಚೆಯ ತೆಂಗಿನ ತೋಟದೊಳಗೆ ಇಳಿಯುತ್ತಾನೆ. ಕೊನೆಯ ಚೂರು ಕಾಣುವುದಿಲ್ಲ. "ಅಯ್ಯೋ, ಪೂರ್ತಿ ಮುಳುಗಿದ್ದು ಸಿಗಲೇ ಇಲ್ಲ" ಅಂತ ಕೆಲವರಿಗೆ ಬೇಜಾರು. ನನಗೆ ಅದೇ ಇಷ್ಟ. ತೆಂಗಿನ ತಲೆಗಳ ಹಿಂದೆ ಹೋದ ಮೇಲೂ ಬೆಳಕು ಸಂದುಗಳಿಂದ ನೀರಿಗೆ ಬೀಳುತ್ತಿರುತ್ತದೆ, ಪಟ್ಟೆ ಪಟ್ಟೆಯಾಗಿ.

ಪಡನ್ನದ ಹತ್ತಿರ ಇನ್ನೊಂದು ಚಂದ ಇದೆ. ಅಲ್ಲಿ ಕಾಯಲಿನಲ್ಲಿ ಬಿದಿರಿನ ಗೂಟ ನೆಟ್ಟು, ಮೇಲೆ ಅಡ್ಡ ಬಿದಿರು ಕಟ್ಟಿ, ಅದರಿಂದ ಹಗ್ಗ ಇಳಿಬಿಟ್ಟು ಕಲ್ಲುಮ್ಮಕ್ಕಾಯ ಅನ್ನುವ ತಿನ್ನುವ ಚಿಪ್ಪು ಬೆಳೆಸುತ್ತಾರೆ. ನಮ್ಮ ಕಡೆ ಪಚ್ಚಿಲೆ ಅನ್ನುವುದು ಇದನ್ನೇ. ಮಳೆಗಾಲ ಮುಗಿದ ಮೇಲೆ ಹಗ್ಗಕ್ಕೆ ಮರಿ ಕಟ್ಟುತ್ತಾರೆ, ಮುಂದಿನ ಮಳೆ ಹಿಡಿಯುವ ಮೊದಲು ತೆಗೆಯುತ್ತಾರೆ. ಹಾಗಾಗಿ ರಜೆಗೆ ಬರುವವರಿಗೆ ಈ ಗೂಟಗಳು ಕಂಡೇ ಕಾಣುತ್ತವೆ. ನೀರಿಳಿತದ ಹೊತ್ತಿಗೆ ಹಗ್ಗದ ತಲೆ ಸ್ವಲ್ಪ ಹೊರಗೆ ಬರುತ್ತದೆ. ಅದರ ಮೇಲೆ ಹಸಿರು ಚಿಪ್ಪಿನ ಗೊಂಚಲು, ಪಾಚಿ, ತೊಟ್ಟಿಕ್ಕುವ ನೀರು. ಗೂಟದ ತುದಿಯಲ್ಲಿ ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆ. ಸಂಜೆ ಬೆಳಕು ಹಿಂದಿನಿಂದ ಬಿದ್ದಾಗ ಇದೆಲ್ಲ ಕಪ್ಪು ಗೆರೆಗಳಾಗಿ ಬಿಡುತ್ತದೆ. ಬರೀ ಖಾಲಿ ನೀರಿನ ಮೇಲೆ ಕೆಂಪು ಚೆಂಡು ನೋಡುವುದಕ್ಕಿಂತ ಇದು ಎಷ್ಟೋ ವಾಸಿ, ಅಲ್ವಾ?

ಹೌಸ್‌ಬೋಟ್ ಮಾಡುವವರಿಗೆ ಒಂದು ಮಾತು. ನೀಲೇಶ್ವರದ ಕೋಟ್ಟಪ್ಪುರಂನಿಂದ ಬೋಟು ಸಿಗುತ್ತವೆ. ರಾತ್ರಿ ಅದರಲ್ಲೇ ಉಳಿಯುವುದಾದರೆ ಎ.ಸಿ. ಇದೆಯಾ, ಕರಿಮೀನು ಇದೆಯಾ ಅಂತ ಕೇಳುವ ಮೊದಲು ಸಂಜೆ ಬೋಟು ಎಲ್ಲಿ ಕಟ್ಟುತ್ತೀರಿ ಅಂತ ಕೇಳಿ. ಕತ್ತಲಾಗುವ ಹೊತ್ತಿಗೆ ಓಡಾಟ ನಿಲ್ಲಿಸಿ ದಡಕ್ಕೆ ಕಟ್ಟಿಹಾಕುತ್ತಾರೆ, ಮೀನಿನವರು ಬಲೆ ಬಿಡುವ ಹೊತ್ತು ಅದು. ಬೋಟಿನ ಮೂತಿ ತೋಟದ ಕಡೆ ಇದ್ದರೆ ನೀವು ಕೊಟ್ಟ ಅಷ್ಟೂ ದುಡ್ಡಿಗೆ ಕಾಣುವುದು ತೆಂಗಿನ ಬುಡ. ನಮ್ಮವರೊಬ್ಬರ ಸಂಸಾರ ಹಾಗೆ ಕೂತು ಬಂದಿದೆ. ಪಾಪ, ಊಟ ಮಾತ್ರ ಚೆನ್ನಾಗಿತ್ತಂತೆ.

ಸೂರ್ಯ ಪೂರ್ತಿ ಮುಳುಗುವುದು ಕಾಣಲೇಬೇಕು ಅನ್ನುವವರು ವಲಿಯಪರಂಬದ ಒಳಗೇ ಹೋಗಿ. ಪಟ್ಟಿ ಅಷ್ಟು ಸಪೂರ ಇರುವುದರಿಂದ ಕಾಯಲಿನ ಕಡೆಯಿಂದ ಕಡಲಿನ ಕಡೆಗೆ ಸುಮ್ನೆ ನಡೆದುಕೊಂಡು ಹೋಗಬಹುದು. ಕಡಲಿನಲ್ಲಿ ಮುಳುಗುವುದನ್ನು ನೋಡಿ, ತಕ್ಷಣ ತಿರುಗಿ ಕಾಯಲಿನ ಕಡೆ ಬನ್ನಿ. ಅಲ್ಲಿ ಎರಡನೇ ಆಟ ನಡೆಯುತ್ತಿರುತ್ತದೆ. ಅಕ್ಟೋಬರ್, ನವೆಂಬರಿನಲ್ಲಾದರೆ ಘಟ್ಟದ ಮೇಲೆ ಮಧ್ಯಾಹ್ನ ಎದ್ದ ಗುಡುಗಿನ ಮೋಡ ಇನ್ನೂ ನಿಂತಿರುತ್ತದೆ. ನಮಗೆ ಸೂರ್ಯ ಹೋಗಿಯಾಗಿದೆ, ಅಷ್ಟು ಎತ್ತರದ ಮೋಡಕ್ಕೆ ಇನ್ನೂ ಬಿಸಿಲಿದೆ. ಅದು ಗುಲಾಬಿ, ಆಮೇಲೆ ತಾಮ್ರದ ಬಣ್ಣ, ಆಮೇಲೆ ಬೂದಿ. ಎಲ್ಲ ಕಾಯಲಿನಲ್ಲೂ ಕಾಣುತ್ತದೆ. ಪಶ್ಚಿಮಕ್ಕೇ ಕಣ್ಣು ನೆಟ್ಟು ನಿಂತವರಿಗೆ ಇದು ಗೊತ್ತೇ ಆಗುವುದಿಲ್ಲ.

ಮುಳುಗುವುದಕ್ಕೆ ಹಿಡಿಯುವ ಹೊತ್ತು ನಮ್ಮ ಊರಿನಲ್ಲಿ ಹೆಚ್ಚು ಕಡಿಮೆ ಎರಡೂಕಾಲು ನಿಮಿಷ. ಅಂಚಿಗೆ ತಾಗಿದ ಮೇಲೆ ಅಷ್ಟೇ. ಅದಾದ ಮೇಲೆ 20-25 ನಿಮಿಷ ಬಣ್ಣ ಇರುತ್ತದೆ. ಜನ ಎರಡೂಕಾಲು ನಿಮಿಷಕ್ಕೆ ಬಂದು, ಚಪ್ಪಾಳೆ ತಟ್ಟಿ, ಕಾರು ಹತ್ತಿ ಹೋಗುತ್ತಾರೆ. ಇದು ನನಗೆ ಇವತ್ತಿಗೂ ಅರ್ಥ ಆಗದ ವಿಷಯ.

ಕಾಯಲಿನ ತನಕ ಹೋಗಲು ಪುರುಸೊತ್ತಿಲ್ಲದವರಿಗೆ ಚಂದ್ರಗಿರಿ ಇದೆ. ಕಾಸರಗೋಡು ಪೇಟೆಯಿಂದ ಹೊರಟರೆ ಹೊಳೆ ದಾಟಿದ ಕೂಡಲೇ ಮೇಲ್ಪರಂಬ, ಅಲ್ಲಿ ಗುಡ್ಡದ ಮೇಲೆ ಕೋಟೆ. 17ನೇ ಶತಮಾನದಲ್ಲಿ ಬಿದನೂರಿನ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೇಳುತ್ತಾರೆ. ಕೆರೆಯಲ್ಲ, ಕಾಯಲೂ ಅಲ್ಲ, ಅಳಿವೆ. ಪಯಸ್ವಿನಿಯನ್ನು ಸೇರಿಸಿಕೊಂಡು ಬಂದ ಹೊಳೆ ಇಲ್ಲಿ ಅಗಲ ಆಗಿ, ನಿಧಾನ ಆಗಿ ಕಡಲಿಗೆ ಹೋಗುತ್ತದೆ. ಕೋಟೆಯ ಮೇಲಿಂದ ಹೊಳೆ, ಅಳಿವೆ, ಕಡಲು ಮೂರೂ ಕಾಣುತ್ತದೆ. ಹಿಂದಿನ ಕಾಲದಲ್ಲಿ ತುಳುನಾಡು ಇಲ್ಲಿಗೆ ಮುಗಿಯುತ್ತಿತ್ತು, ಇವತ್ತಿಗೂ ಹೊಳೆ ದಾಟಿದರೆ ಬಸ್ಸಿನಲ್ಲಿ ಕಿವಿಗೆ ಬೀಳುವ ಮಾತು ಬದಲಾಗುತ್ತದೆ. ಕೆಳಗೆ ರೈಲಿನ ಸೇತುವೆ. ಕೆಂಪು ನೀರಿನ ಮೇಲೆ ರೈಲು ದಾಟುವುದನ್ನು ಮಕ್ಕಳಿಗೆ ತೋರಿಸಿ, ಕೋಟೆಯ ಇತಿಹಾಸ ಆಮೇಲೆ ಹೇಳಿದರೂ ನಡೆಯುತ್ತದೆ. ಗೇಟು ಹಾಕುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ.

ಅಂದ ಹಾಗೆ ಮಂಗಳೂರಿನಿಂದ ಸಂಜೆ ರೈಲಿನಲ್ಲಿ ಬರುವವರು ಬಲಗಡೆ ಕಿಟಕಿ ಹಿಡಿಯಿರಿ. ಕುಂಬಳೆಯ ಹತ್ತಿರ ಹೊಳೆ ದಾಟುವಾಗ ಸಿಗುವ ಅರ್ಧ ನಿಮಿಷಕ್ಕೆ ಟಿಕೆಟ್ಟಿನ ದುಡ್ಡು ವಸೂಲು.

ಕೆರೆ ಅಂದ ಕೂಡಲೇ ಎಲ್ಲರೂ ಕೇಳುವುದು ಅನಂತಪುರ. ಕುಂಬಳೆಯಿಂದ ಹತ್ತಿರ, ಕೆರೆಯ ನಡುವೆ ದೇವಸ್ಥಾನ. 2022ರ ಅಕ್ಟೋಬರಿನಲ್ಲಿ ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ ತೀರಿಕೊಂಡಾಗ ಊರಿಗೆ ಊರೇ ಸೇರಿತ್ತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಜಾಗ ಅಪರೂಪದ್ದು. ಆದರೆ ಸೂರ್ಯಾಸ್ತಕ್ಕೆ ಅಲ್ಲ. ಕೆರೆ ಇರುವುದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ತಗ್ಗಿನಲ್ಲಿ, ಸುತ್ತ ಗೋಡೆ ಎದ್ದ ಹಾಗೆ ಕಲ್ಲು. ನೆರಳು ಬೇಗ ಬೀಳುತ್ತದೆ. ದೇವರಿಗೆ ಕೈಮುಗಿದು ಮೇಲೆ ಪದವಿಗೆ, ಅಂದರೆ ಕಲ್ಲಿನ ಬಯಲಿಗೆ ಹತ್ತಿ ಬನ್ನಿ, ಅಲ್ಲಿ ಆಕಾಶ ಬಯಲಾಗಿದೆ.

ಪದವಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಮಳೆಗಾಲದ ಕೊನೆಗೆ, ಓಣಂ ಹೊತ್ತಿಗೆ ಬರುವವರಿಗೆ ಯಾವ ರೆಸಾರ್ಟೂ ಬೇಡ. ನಮ್ಮ ಮುರಕಲ್ಲಿನ ಪದವುಗಳಲ್ಲಿ ತಗ್ಗು ಇದ್ದಲ್ಲೆಲ್ಲ ನೀರು ನಿಂತು ಪಳ್ಳ ಆಗಿರುತ್ತದೆ. ಕೆಲವು ಮೊಣಕಾಲಷ್ಟು, ಕೆಲವು ಪಾದ ಮುಳುಗುವಷ್ಟು. ಅದರ ಅಂಚಿಗೆ, ಕಲ್ಲಿನ ಮೇಲೆ ಬರೀ ಬೆರಳಗಲ ಮಣ್ಣಿದ್ದಲ್ಲೂ, ನೀಲಿ ಹೂವು. ಮಲಯಾಳದವರು ಕಾಕ್ಕಪ್ಪೂವು ಅನ್ನುತ್ತಾರೆ, ಓಣಂ ಪೂಕಳಕ್ಕೆ ಕೊಯ್ಯುತ್ತಾರೆ. ಗಿಡ ನೋಡಲು ಪಾಪದ್ದು, ಆದರೆ ನೀರಿನ ಸಣ್ಣ ಸಣ್ಣ ಹುಳ ಹಿಡಿದು ತಿನ್ನುವ ಜಾತಿ. ಸಂಜೆ ಆ ಹೂವಿನ ಎತ್ತರಕ್ಕೆ ತಲೆ ತಗ್ಗಿಸಿ ಕೂತರೆ ನಾಲ್ಕು ಮಾರು ಅಗಲದ ಪಳ್ಳದಲ್ಲಿ ಇಡೀ ಪಶ್ಚಿಮ ಇರುತ್ತದೆ. ಫೆಬ್ರವರಿಯಲ್ಲಿ ಅದೇ ಜಾಗಕ್ಕೆ ಬಂದರೆ ಒಣ ಹುಲ್ಲು, ಕಪ್ಪು ಕಲ್ಲು, ಮತ್ತೇನಿಲ್ಲ. ಮದಕಗಳಲ್ಲಿ, ಅಂದರೆ ತೋಟಕ್ಕೆ ನೀರು ನಿಲ್ಲಿಸುವ ಕೆರೆಗಳಲ್ಲಿ ಇನ್ನೂ ಸ್ವಲ್ಪ ಸಮಯ ನೀರಿರುತ್ತದೆ, ಆದರೆ ಸುತ್ತ ಅಡಕೆ ತೋಟ ಎದ್ದು ಸೂರ್ಯ ಕಾಣುವುದು ಅಪರೂಪ.

ಇನ್ನೊಂದು ವಿಷಯ. ಗೂಗಲ್ ಮ್ಯಾಪಿನಲ್ಲಿ ಪಶ್ಚಿಮ ನೋಡಿ ಜಾಗ ಗುರುತು ಮಾಡುವವರು ತಿಂಗಳನ್ನೂ ನೋಡಿ. ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದು ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ಹೊತ್ತಿಗೆ ಮಾತ್ರ. ಡಿಸೆಂಬರಿನಲ್ಲಿ ನಮ್ಮಲ್ಲಿ ಅದಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ 10 ಡಿಗ್ರಿ ಅಂತ ಲೆಕ್ಕ. ಅಂದರೆ ಎರಡೂವರೆ ಮುಷ್ಟಿ ಆಚೀಚೆ. ಮಾರ್ಚಿನಲ್ಲಿ ನೀರಿನ ನಡುವೆ ಇಳಿದವನು ಡಿಸೆಂಬರಿನಲ್ಲಿ ಯಾರದ್ದೋ ಮನೆಯ ಟವರಿನ ಹಿಂದೆ ಇಳಿಯಬಹುದು. ಹೊತ್ತೂ ಬದಲಾಗುತ್ತದೆ. ನವೆಂಬರ್ ಕೊನೆಗೆ ಆರು ಗಂಟೆಗೇ ಮುಗಿಯುತ್ತದೆ, ಜುಲೈಯಲ್ಲಿ ಏಳರ ತನಕ ಇರುತ್ತದೆ. ಜುಲೈಯಲ್ಲಿ ನಮ್ಮ ಊರಿನಲ್ಲಿ ಸೂರ್ಯ ಕಂಡರೆ ಮಾತ್ರ. ಏಪ್ರಿಲ್ ರಜೆಯಲ್ಲಿ ಮಸುಕು ಜಾಸ್ತಿ, ಅಂಚು ಮುಟ್ಟುವ ಮೊದಲೇ ಸೂರ್ಯ ಕರಗಿ ಹೋಗುತ್ತಾನೆ. ಮಳೆ ಬಿಟ್ಟ ಮರುದಿನದ ಸಂಜೆ ಬಿಡಬೇಡಿ.

ಒಂದೇ ಒಂದು ಸಂಜೆ ಇರುವವರು ವಲಿಯಪರಂಬಕ್ಕೇ ಹೋಗಿ, ಐದು ಗಂಟೆಗೆ ಅಲ್ಲಿರಿ. ಕಾಯಲಿನ ಪಕ್ಕ ಕಟ್ಟಂಚಾಯ (ಹಾಲಿಲ್ಲದ ಚಹಾ), ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಸಿಗುತ್ತದೆ. ಟಾರ್ಚು, ಸೊಳ್ಳೆಗೆ ಹಚ್ಚುವ ಕ್ರೀಮು ಚೀಲದಲ್ಲಿರಲಿ. ಬ್ಲೂಟೂತ್ ಸ್ಪೀಕರ್ ಕಾರಿನಲ್ಲೇ ಇರಲಿ. ಬೋಟಿನಲ್ಲಿ ಹೋಗುವುದಾದರೆ ತಿರುಗಿ ಬರುವ ಕೊನೆಯ ಬೋಟು ಎಷ್ಟು ಗಂಟೆಗೆ ಅಂತ ಜೆಟ್ಟಿಯಲ್ಲಿ ಇಳಿಯುವ ಮೊದಲೇ ಕೇಳಿ. ತಪ್ಪಿದರೆ ಸೇತುವೆ ಬಳಸಿಕೊಂಡು ಬರಬೇಕು, ಆ ಹೊತ್ತಿಗೆ ಆಟೋದವರು ಹೇಳಿದ್ದೇ ರೇಟು.