ದಿನಕ್ಕೆ ಐದು ಇಂಗ್ಲಿಷ್ ಪದ: ಮಕ್ಕಳಿಂದ ಬಾಯಿಪಾಠ ಮಾಡಿಸಬೇಕೇ?

ಪರ
ನಿವೃತ್ತ ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕಿ, ಹೊಸನಗರ ತಾಲ್ಲೂಕು

ಮಾಡಿಸಲೇಬೇಕು. ದಿನಕ್ಕೆ ಐದು ಪದ, ಸ್ಪೆಲಿಂಗ್ ಸಹಿತ, ಅರ್ಥ ಸಹಿತ, ತಪ್ಪಿಲ್ಲದೆ. ಇದನ್ನು ಗಿಳಿಪಾಠ ಎಂದು ಮೂಗು ಮುರಿಯುವವರನ್ನು ನಾನು ಮೊದಲು ಕೇಳುವುದು, ನಿಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು. ಮನೆಗೆ ಇಂಗ್ಲಿಷ್ ಪತ್ರಿಕೆ ಬರುವ, ಅಪ್ಪ ಅಮ್ಮ ಫೋನಿನಲ್ಲಿ ಇಂಗ್ಲಿಷ್ ಮಾತನಾಡುವ ಮಗುವಿಗೆ ಪದಗಳು ಕೂತಲ್ಲೇ ಕಿವಿಗೆ ಬೀಳುತ್ತವೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ, ನೆಟ್‌ವರ್ಕ್‌ಗಾಗಿ ಗುಡ್ಡದ ನೆತ್ತಿ ಹತ್ತಬೇಕಾದ ಊರಿನ ಮಗುವಿಗೆ ಅವು ಎಲ್ಲಿಂದ ಬೀಳಬೇಕು?

ನಿಜವಾದ ಪೆಟ್ಟು ಬೀಳುವುದು ಪಿಯುಸಿಯಲ್ಲಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗಿ ವಿಜ್ಞಾನ ವಿಭಾಗ ಸೇರುತ್ತಾಳೆ. ದ್ಯುತಿಸಂಶ್ಲೇಷಣೆ ಅವಳಿಗೆ ನೀರು ಕುಡಿದಷ್ಟು ಸುಲಭ. ಉಪನ್ಯಾಸಕರು ಫೋಟೋಸಿಂಥೆಸಿಸ್ ಎಂದಾಗ ಅದೇ ಇದು ಎಂದು ತಿಳಿಯುವುದಿಲ್ಲ. ವೇಗೋತ್ಕರ್ಷದ ಲೆಕ್ಕ ಬಿಡಿಸುತ್ತಾಳೆ, ಆಕ್ಸಲರೇಶನ್ ಎಂದೊಡನೆ ಪೆನ್ನು ನಿಲ್ಲುತ್ತದೆ. ಪಾಠ ಬರುತ್ತಿದ್ದೂ ದಡ್ಡಿ ಎನಿಸಿಕೊಂಡು ಹಿಂದಿನ ಬೆಂಚಿಗೆ ಸರಿಯುತ್ತಾಳೆ. ಕೆಲವರು ಕಲಾ ವಿಭಾಗಕ್ಕೆ ಬದಲಾಗುತ್ತಾರೆ. ಕಲಾ ವಿಭಾಗ ಕಡಿಮೆಯೆಂದು ನಾನು ಹೇಳುತ್ತಿಲ್ಲ. ಪದ ಬಾರದ ಒಂದೇ ಕಾರಣಕ್ಕೆ ಯಾವ ಮಗುವೂ ತನಗಿಷ್ಟವಾದ ವಿಷಯ ಬಿಡಬಾರದು.

ಲೆಕ್ಕ ಹಾಕಿ ನೋಡೋಣ. ಪದಕಲಿಕೆಯ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಪಾಲ್ ನೇಷನ್ ಪ್ರಕಾರ, ಇಂಗ್ಲಿಷ್ ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಗೊತ್ತಿರಬೇಕು. ಅಷ್ಟು ದೂರ ಹೋಗುವ ಮೊದಲು ಬುನಾದಿ ಬೇಕಲ್ಲ? ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಅತಿ ಹೆಚ್ಚು ಬಳಕೆಯಾಗುವ ಸುಮಾರು 2,000 ಪದಗಳ ಪಟ್ಟಿ ಪ್ರಕಟಿಸಿದರು. ಐದನೇ ತರಗತಿಯಿಂದ ಹತ್ತರವರೆಗೆ ಆರು ವರ್ಷ, ವರ್ಷಕ್ಕೆ 200 ದಿನ ಎಂದಿಟ್ಟುಕೊಂಡರೂ ದಿನಕ್ಕೆ ಐದರಂತೆ 6,000 ಪದಗಳಾಗುತ್ತವೆ. ಅರ್ಧ ಮರೆತುಹೋದರೂ ವೆಸ್ಟ್ ಪಟ್ಟಿಯನ್ನು ದಾಟಿರುತ್ತೇವೆ.

ಮರೆಯದಂತೆ ಮಾಡುವ ದಾರಿಯೂ ಹೊಸದಲ್ಲ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಕಲಿತದ್ದರ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಜಾರಿಹೋಗುತ್ತದೆ ಎಂದು 1885ರಲ್ಲೇ ತೋರಿಸಿದರು. ಆದ್ದರಿಂದ ಅದೇ ಸಂಜೆ ಒಮ್ಮೆ, ಮೂರನೆಯ ದಿನ ಒಮ್ಮೆ, ಮುಂದಿನ ವಾರ ಒಮ್ಮೆ ಕೇಳಬೇಕು. ಹತ್ತು ಸಲ ಬರೆಸಿ ಕೈ ನೋಯಿಸುವುದನ್ನು ನಾನೂ ಒಪ್ಪುವುದಿಲ್ಲ. ಕೇಳಬೇಕು, ಬಿಡದೆ ಕೇಳಬೇಕು.

ಯಾರು ಕೇಳಬೇಕು? ಇದಕ್ಕೆ ಉತ್ತರ ನನಗೆ ಒಂದು ಮನೆಯಲ್ಲಿ ಸಿಕ್ಕಿತು. ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿ. ತಾಯಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದರು. ಕೊಯ್ಲಿನ ಕಾಲದಲ್ಲಿ ಸುಲಿತ ರಾತ್ರಿಯೂ ನಡೆಯುತ್ತದೆ, ಮನೆಯಲ್ಲಿ ಬಿಟ್ಟುಬರಲಾಗದ ಮಕ್ಕಳು ಜೊತೆಗೇ ಬರುತ್ತಾರೆ. ನಾನು ಹೋದಾಗ ಅಂಗಳದ ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಆ ತಾಯಿಯ ಮೊಣಕಾಲ ಪಕ್ಕ ನೋಟ್‌ಬುಕ್ ತೆರೆದಿತ್ತು. ಹಾಳೆಯನ್ನು ಉದ್ದಕ್ಕೆ ಮಡಿಸಿ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಬರೆಸುವುದು ನನ್ನ ಪದ್ಧತಿ. ಅಂಚಿಗೆಲ್ಲ ಅಡಿಕೆಯ ಚೊಗರು ಹತ್ತಿ ಕಂದಾಗಿತ್ತು. ಏಳನೇ ತರಗತಿಯವರೆಗೆ ಕನ್ನಡ ಓದಿದ್ದ ತಾಯಿ ಬಲಬದಿಯನ್ನು ಓದಿ ‘ಆವಿಯಾಗುವಿಕೆ’ ಎನ್ನುತ್ತಾರೆ, ಕೈ ನಿಲ್ಲುವುದಿಲ್ಲ, ಸಿಪ್ಪೆ ಬೀಳುತ್ತಲೇ ಇರುತ್ತದೆ. ಮಗಳು ಇಂಗ್ಲಿಷ್ ಪದ ಹೇಳಿ ಅಕ್ಷರ ಬಿಡಿಸುತ್ತಾಳೆ. ಪಕ್ಕದ ಅಜ್ಜಿ ‘ಸರಿಯುಂಟೇನೇ?’ ಎಂದು ಕೇಳಿದರೆ ತಾಯಿ ಹಾಳೆಯ ಎಡಬದಿಗೆ ಕಣ್ಣು ಹಾಯಿಸಿ, ಮಗಳು ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ‘ಸರಿ’ ಎನ್ನುತ್ತಾರೆ. ಇಂಗ್ಲಿಷ್ ಬಾರದ ತಾಯಿ ಮಗಳಿಂದ ಇಂಗ್ಲಿಷ್ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಕಥೆ ಓದಿಸಿ, ಸಂಭಾಷಣೆ ಮಾಡಿಸಿ ಎಂದು ಹೇಳುವ ಯಾವ ಹೊಸ ವಿಧಾನ ಆ ತಾಯಿಯ ಕೈಗೆ ಈ ಅಧಿಕಾರ ಕೊಡುತ್ತದೆ? ಆ ಹುಡುಗಿ ಈಗ ಶುಶ್ರೂಷಕಿ. ಔಷಧದ ಚೀಟಿ ಓದುವಾಗ ಅವಳಿಗೆ ಯಾರ ಮುಖ ನೋಡುವ ಅಗತ್ಯವೂ ಇಲ್ಲ.

ಅಮರಕೋಶವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿಯೇ ತಲೆಮಾರುಗಳು ಸಂಸ್ಕೃತ ಕಲಿತವು. ಮಗ್ಗಿಯನ್ನು ಸಂದರ್ಭ ನೋಡಿ ಕಲಿಸಿ ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷ್ ಪದಕ್ಕೆ ಮಾತ್ರ ಏಕೆ ಈ ಮಡಿವಂತಿಕೆ?

ವಿರೋಧ
ಪದವಿ ಕಾಲೇಜು ಉಪನ್ಯಾಸಕ, ಶಿವಮೊಗ್ಗ

ಈ ಬದಿಯನ್ನು ನಾನು ಕೇಳಿ ಪಡೆದದ್ದಲ್ಲ, ನನಗೆ ವಹಿಸಿದ್ದು. ಪದಪಟ್ಟಿಯನ್ನು ಪೂರ್ತಿ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಪಟ್ಟಿಯೇ ಪಾಠವಾಗಿಬಿಡುವುದನ್ನು ವಿರೋಧಿಸಬೇಕು, ಅದನ್ನು ಮನಸಾರೆ ವಿರೋಧಿಸುತ್ತೇನೆ.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಲ್ಲಿಂದೀಚೆಗೆ ಕಾಲೇಜಿಗೆ ಬರುವ ಮಕ್ಕಳಿಗೆ ಪದಗಳು ಗೊತ್ತು. ಎರಡು ಪದ ಸೇರಿಸಿ ಬಸ್ ನಿಲ್ದಾಣದ ದಾರಿ ಹೇಳಿ ಎಂದರೆ ಬಾಯಿ ಕಟ್ಟುತ್ತದೆ. ಗೆಟ್, ಟೇಕ್, ಮೇಕ್ ಮುಂತಾದ ಪುಟ್ಟ ಪದಗಳೇ ಇಂಗ್ಲಿಷಿನ ಬೆನ್ನೆಲುಬು, ಅವಕ್ಕೆ ಪಕ್ಕದ ಪದ ಬದಲಾದಂತೆ ಅರ್ಥ ಬದಲಾಗುತ್ತದೆ. ಮಡಿಸಿದ ಹಾಳೆಯ ಬಲಬದಿಯಲ್ಲಿ ಒಂದೇ ಅರ್ಥಕ್ಕೆ ಜಾಗ. ಅದನ್ನು ಕಲಿತ ಮಗು ಉಳಿದ ಕಡೆಯೆಲ್ಲ ಎಡವುತ್ತದೆ. ಮಕ್ಕಳು ನಡೆದಾಡುವ ನಿಘಂಟುಗಳಾದರೆ ಸಾಕೆನ್ನುವವರಿಗೆ ಇದು ಕಾಣುವುದಿಲ್ಲ.

ಇನ್ನು ಮೈಕೆಲ್ ವೆಸ್ಟ್. ಅವರ ಹೆಸರನ್ನು ಪದಪಟ್ಟಿಯ ಪರವಾಗಿ ಎಳೆದು ತರುವುದು ನ್ಯಾಯವಲ್ಲ. ಬಂಗಾಳದ ಮಕ್ಕಳಿಗಾಗಿ ಅವರು ಮಾಡಿದ್ದು ಕಥೆ ಪುಸ್ತಕಗಳನ್ನು. ಹೊಸ ಪದಗಳನ್ನು ಒಂದೇ ಪುಟದಲ್ಲಿ ರಾಶಿ ಹಾಕದೆ ದೂರ ದೂರ ಇಟ್ಟು, ಬಂದ ಪದ ಮತ್ತೆ ಮತ್ತೆ ಬರುವಂತೆ ಬರೆದರು. ಪಟ್ಟಿ ಬೇಕಾದದ್ದು ಪುಸ್ತಕ ಬರೆಯುವವರಿಗೆ.

ಕೊಡಚಾದ್ರಿಗೆ ಹೋದವರು ಅಲ್ಲಿನ ಜೀಪ್ ಚಾಲಕರನ್ನು ನೋಡಿರುತ್ತೀರಿ. ನಮ್ಮನ್ನು ಹತ್ತಿಸಿಕೊಂಡು ಹೋದ ಯುವಕ ಶಾಲೆಯನ್ನು ನಡುವೆ ಬಿಟ್ಟವನು. ಕೆಸರಿನಲ್ಲಿ ಚಕ್ರ ಜಾರುತ್ತಿದ್ದಾಗ ಹಿಂದೆ ಕೂತಿದ್ದ ಹೊರರಾಜ್ಯದವರಿಗೆ ಹೆದರಬೇಡಿ, ಸರಳು ಹಿಡಿದುಕೊಳ್ಳಿ, ಮುಂದಿನ ತಿರುವಿನಲ್ಲಿ ಎಡಕ್ಕೆ ವಾಲುತ್ತದೆ ಎಂದು ನಿರಾಳವಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ವ್ಯಾಕರಣ ಅಲ್ಲಲ್ಲಿ ತಪ್ಪಿತ್ತು. ಹೇಳಬೇಕಾದದ್ದು ಒಂದೂ ತಪ್ಪಲಿಲ್ಲ. ಎಲ್ಲಿ ಕಲಿತೆ ಎಂದು ಕೇಳಿದರೆ ‘ಇದೇ ರಸ್ತೆಯಲ್ಲಿ ಸಾರ್’ ಎಂದ.

ವಿಜ್ಞಾನದ ಪಾರಿಭಾಷಿಕ ಪದಗಳ ಮಾತು ಬೇರೆ. ಅವನ್ನು ವಿಜ್ಞಾನದ ಶಿಕ್ಷಕರೇ ಒಂಬತ್ತು, ಹತ್ತನೇ ತರಗತಿಗಳಲ್ಲಿ ಎರಡೂ ಭಾಷೆಯಲ್ಲಿ ಹೇಳಿಕೊಟ್ಟರೆ ಮುಗಿಯಿತು. ಇಂಗ್ಲಿಷ್ ತರಗತಿಯ ಸಮಯವನ್ನು ಅದಕ್ಕೆ ಕೊಡಬಾರದು. ಆ ಹೊತ್ತಿನಲ್ಲಿ ವಾರಕ್ಕೆ ಎರಡು ಸಲವಾದರೂ ಶಾಲೆಯ ಬೀರುವಿನ ಬೀಗ ತೆಗೆದು, ತೆಳುವಾದ ಸಚಿತ್ರ ಕಥೆ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಿ. ಹರಿದರೆ ಹರಿಯಲಿ, ಮತ್ತೆ ತರಿಸಿದರಾಯಿತು.